ಚಿನ್ನಯ್ಯಣ್ಣನ ದನಿಯಲ್ಲಿ ಸಿ.ಇ.ಟಿ.

12-7-1999, ಸೋಮವಾರ

ಮತ್ತೆ ಮೂಡುಬಿದಿರೆ ಬಸ್ಸು. ಮತ್ತೆ ಅದೇ ಕಿಟಕಿ. ಸಿದ್ದಕಟ್ಟೆ ಬರುವುದರೊಳಗೆ ಫಿಸಿಕ್ಸಿನ ಒಂದು ಪಾಠ ಮುಗಿಯಬೇಕು ಎಂಬುದು ನಾನೇ ಹೊರಡಿಸಿದ ರಾಜಾಜ್ಞೆ. ಮುಗಿಯಿತು. ಆದರೆ ಓದಿದ್ದು ಬಾಯಿಬಿಟ್ಟು... ನನಗೇ ಗೊತ್ತಾಗಲಿಲ್ಲ. ಕಂಡಕ್ಟರ್ ರಹ್ಮತ್ ಹಿಂದಿನ ಬಾಗಿಲಿನಿಂದಲೇ ಕೂಗಿದ — "ರಾಫಿಯಾ, ಇವತ್ತು ಬಾಪನ ಹಾರ್ನ್ ನುಂಗಿ ಬಂದದ್ದಾ?" ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಮೈಕದ ಇದಿನಬ್ಬನ ಮಗಳ ಸ್ವರ ಸಣ್ಣದಾಗಿರಬೇಕೆಂದರೆ ಹೇಗೆ?

ನಾಟಕ, ಮದುವೆ, ಉರೂಸು, ಇಲೆಕ್ಷನ್ — ಬಂಟ್ವಾಳದ ಸುತ್ತ ಎಲ್ಲಿ ಗದ್ದಲ ಎದ್ದರೂ ಅದು ಬಾಪನ ಮೈಕ್ ಸೆಟ್ಟಿನಿಂದಲೇ. ಹಾರ್ನಿನ ಪಕ್ಕ ನಿಂತೂ ನಿಂತೂ ಎಡಕಿವಿ ಪೂರ್ತಿ ಹೋಗಿದೆ. ಬಲಕಿವಿ ಹೊರಟು ನಿಂತಿದೆ. ಹಾಗಾಗಿ ನಮ್ಮ ಮನೆಯಲ್ಲಿ ಉಪ್ಪು ಕೇಳಿದರೂ ಅದು ಡಯಲಾಗ್. ಗುಟ್ಟು ಎಂಬ ವಸ್ತು ನಮ್ಮಲ್ಲಿಲ್ಲ. ನಾನು ಡೆಂಟಲ್ ಸೀಟು ಬಿಟ್ಟದ್ದೂ ಕೆಳಗಿನ ಪೇಟೆಯವರೆಗೆ ಅದೇ ದಿನ ಮುಟ್ಟಿತು.

ಪಕ್ಕದ ಮನೆಯ ಸರಸಕ್ಕ ಬೇಲಿಯಾಚೆಯಿಂದ — "ಅಷ್ಟು ಒಳ್ಳೆಯ ರ‍್ಯಾಂಕ್ ಬಂದದ್ದಲ್ವಾ? ಹಲ್ಲಿನ ಡಾಕ್ಟ್ರೂ ಡಾಕ್ಟ್ರೇ ಅಲ್ವಾ ಮಾರಾಯ್ತಿ?"

ಉಮ್ಮ ಬಟ್ಟೆ ಹಿಂಡುತ್ತಲೇ — "ಅವಳಿಗೆ ಬಾಪನ ಕಿವಿ ಬೇಕಂತೆ ಸರಸಾ. ಹಲ್ಲು ಬೇಡವಂತೆ."

ಉಮ್ಮ, ಇಡೀ ವಿಷಯವನ್ನು ನೀನು ಎರಡು ಮಾತಿನಲ್ಲಿ ಮುಗಿಸಿದೆ. ನಿನಗೆ ನೂರು ಸಲಾಂ.

ರ‍್ಯಾಂಕ್ ಒಳ್ಳೆಯದೇ. ಆದರೆ ನಮ್ಮ ಟು-ಬಿ ಕೆಟಗರಿಯಲ್ಲಿ ಸರಕಾರಿ ಮೆಡಿಕಲ್ ಸೀಟು ನನಗಿಂತ ಸ್ವಲ್ಪ ಮೇಲಕ್ಕೇ ಮುಗಿದುಹೋಯಿತು. ಇನ್ನೊಂದು ಹತ್ತು ಉತ್ತರ ಸರಿಯಾಗಿದ್ದರೆ ಸಾಕಿತ್ತು. ಈಗ ಆ ರ‍್ಯಾಂಕ್ ಸತ್ತಿತು. ಮುಂದಿನ ಮೇ ತಿಂಗಳಲ್ಲಿ ಏನು ಬರೆಯುತ್ತೇನೋ ಅದೇ ಲೆಕ್ಕ. ಹೆಚ್ಚಾದರೆ ಮೆಡಿಕಲ್. ಕಡಿಮೆಯಾದರೆ ಬಿಟ್ಟುಬಂದ ಹಲ್ಲೂ ಇಲ್ಲ.

ಪರದೆ ಮೇಲೇರಲಿ!

24-7-1999

ಮೂಡುಬಿದಿರೆಯ ಕೋಚಿಂಗಿನಲ್ಲಿ ನಮ್ಮದು ರಿಪೀಟರ್ಸ್ ಬ್ಯಾಚ್, ಸಿ.ಇ.ಟಿ.ಯನ್ನು ಮತ್ತೆ ಬರೆಯುವವರದ್ದು. ಎಲ್ಲರೂ ಒಳ್ಳೆಯ ಮಾರ್ಕಿನವರೇ. ಎಲ್ಲರ ಮುಖದಲ್ಲೂ ಹರಕೆ ಬಾಕಿ ಇಟ್ಟವರ ಕಳೆ. ಬಯಾಲಜಿಯ ಸುಧಾಕರ ಸರ್ ಮೊದಲ ದಿನವೇ ಹೇಳಿದರು — "ಸೊನ್ನೆಯಿಂದ ಎಂಬತ್ತಕ್ಕೆ ಏರಿಸುವುದು ಸುಲಭ. ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿಸುವುದುಂಟಲ್ಲ, ಅದು ನಿಮ್ಮ ಹತ್ತಿರ ನೀವೇ ಮಾಡಬೇಕಾದ ಜಗಳ."

ಪಕ್ಕದ ಸೀಟಿನವಳು ಚಿತ್ರಾ. ಮುಂಡಾಜೆಯವಳು, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಚಿನ್ನದಂಥ ಹುಡುಗಿ. ಒಂದೇ ಕೊರತೆ — ಅವಳು ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಸ್ಟ್ಯಾಂಡಿನಿಂದ ಕಾರ್ಕಳದ ಬಸ್ಸು ಹೊರಟಿರುತ್ತದೆ. ಅದಕ್ಕೆ ಅರ್ಧ ವಾಕ್ಯ ಅವಳು ಹೇಳುತ್ತಾಳೆ, ಉಳಿದರ್ಧ ನಾನು ಹೇಳಿ ಮುಗಿಸುತ್ತೇನೆ. ಪ್ರೀತಿಯಿಂದ.

8-8-1999, ಭಾನುವಾರ

ನೇತ್ರಾವತಿ ಉಕ್ಕಿ ಕೆಳಗಿನ ಪೇಟೆಗೆ ಬಂದಿದ್ದಾಳೆ. ಅಂಗಡಿಯ ಆಂಪ್ಲಿಫೈಯರ್, ಹಾರ್ನ್, ವಯರಿನ ಸುರುಳಿ ಎಲ್ಲ ಅಟ್ಟಕ್ಕೆ. ಕರೆಯದೆಯೇ ಬಂದು ಹೆಗಲು ಕೊಟ್ಟವರು ಜತ್ತಪ್ಪಣ್ಣ ಮತ್ತು ಅವರ ನಾಟಕ ತಂಡದ ನಾಲ್ವರು. "ಬ್ಯಾರಿಯ ಮೈಕ್ ಮುಳುಗಿದರೆ ನಮ್ಮ ಸ್ವರವೇ ಮುಳುಗಿದ ಹಾಗೆ ಅಲ್ವಾ?"

ಈ ಜತ್ತಪ್ಪಣ್ಣ ನನ್ನ ಗುರು. ಬಾಪ ಮೈಕ್ ಕಟ್ಟಲು ಹೋದಲ್ಲೆಲ್ಲ ನಾನು ಬಾಲ. ಚಿಕ್ಕವಳಿದ್ದಾಗ ತುಳು ನಾಟಕಗಳಲ್ಲಿ ಕಳೆದುಹೋದ ಮಗು, ಸಿಕ್ಕಿದ ಮಗು, ಸಾಯುವ ಮಗು — ಎಲ್ಲ ನಾನೇ. ದೊಡ್ಡವಳಾದ ಮೇಲೆ ಪ್ರಾಂಪ್ಟರ್, ಮರೆತವರಿಗೆ ಮಾತು ಎತ್ತಿಕೊಡುವವಳು. ಸಂಬಂಧಿಕರು ಮುಖ ಗಂಟು ಹಾಕಿದಾಗ ಬಾಪ ಗುಡುಗಿದ್ದರು — "ಅವಳು ಪರದೆಯ ಹಿಂದೆಯೇ ಅಲ್ವಾ ಇರುವುದು? ಮತ್ತೆಂತ ಬೇಕು ನಿಮಗೆ?" ಅಂದಿನಿಂದ ಯಾರೂ ಬಾಯಿ ತೆರೆಯಲಿಲ್ಲ.

ಜತ್ತಪ್ಪಣ್ಣನ ಒಂದೇ ಮಂತ್ರ — "ಎದುರಿನವನ ಮಾತು ಮುಗಿಯುವುದರೊಳಗೆ ನಿನ್ನ ಮಾತು ತುಟಿಗೆ ಬಂದಿರಬೇಕು. ನಡುವೆ ಗ್ಯಾಪ್ ಬಿತ್ತು ಅಂತಾದರೆ ಸೀನ್ ಸತ್ತಿತು." ತೂಗುಹಾಕಿದ ಮೈಕಿನ ಕೆಳಗೆ ಒಂದು ಕ್ಷಣ ಮೌನವಾದರೂ ಸಾಕು, ಸಭೆಯಲ್ಲಿ ಕೆಮ್ಮು ಶುರು. ಅದಕ್ಕೆ ನನಗೆ ಯಾರ ಡಯಲಾಗಿನದ್ದಾದರೂ ಮೊದಲ ಮೂರು ಪದ ಸಾಕು. ಮುಂದಿನದ್ದು ತಾನೇ ಹಾರಿಬರುತ್ತದೆ.

ಈಗ ಎಲ್ಲ ಅಟ್ಟದಲ್ಲಿದೆ. ಬಾಪ, ಜತ್ತಪ್ಪಣ್ಣ ಚಾ ಕುಡಿಯುತ್ತಾ ಕಿರುಚಿ ಕಿರುಚಿ ಮಾತಾಡುತ್ತಿದ್ದಾರೆ. ನೀರು ಇಳಿಯುತ್ತಿದೆಯಂತೆ. ಅಲ್‌ಹಮ್ದುಲಿಲ್ಲಾ.

18-9-1999

ಮೂರನೇ ದೊಡ್ಡ ಟೆಸ್ಟ್. ಬ್ಯಾಚಿಗೆ ಮೊದಲಿಗಳು. ಆದರೆ ಮಾರ್ಕು ಒಂದಿಂಚೂ ಮೇಲೆ ಹೋಗಿಲ್ಲ. ಜುಲೈಯಲ್ಲಿ ಎಷ್ಟೋ ಸೆಪ್ಟೆಂಬರಿನಲ್ಲೂ ಅಷ್ಟೇ. ಮೇ ತಿಂಗಳ ಸಿ.ಇ.ಟಿ.ಯಲ್ಲೂ ಅಷ್ಟೇ ಇದ್ದದ್ದು.

ಸುಧಾಕರ ಸರ್ ನನ್ನನ್ನು ನಿಲ್ಲಿಸಿ ತಪ್ಪಾದ ಪಾಠಗಳನ್ನೇ ಬಾಯಿಪಾಠ ಕೇಳಿದರು. ಒಂದೂ ತಪ್ಪಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

"ಗೊತ್ತಿಲ್ಲದ್ದು ಒಂದೂ ಇಲ್ಲ. ಮತ್ತೆ ತಪ್ಪುವುದು ಯಾಕೆ?"

"ಇನ್ನೂ ಓದ್ತೇನೆ ಸರ್."

"ಓದು. ಅದು ಬಿಟ್ಟು ಬೇರೆ ಮದ್ದು ನನಗೂ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮೇಷ್ಟ್ರು ಎಷ್ಟು ಜನರಿಗೆ ಸಿಗುತ್ತಾರೆ? ಬಸ್ಸಿನಲ್ಲಿ ಅತ್ತೆ. ಸಣ್ಣ ಸ್ವರದಲ್ಲಿ — ಎಂದುಕೊಂಡಿದ್ದೆ. ರಹ್ಮತ್ ಟಿಕೆಟ್ ಕೇಳದೆ ಮುಂದೆ ಹೋದ.

30-10-1999

ಇನ್ನೂ ಓದಿದೆ. ಮಾರ್ಕು ಅಷ್ಟೇ.

17-11-1999

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಇಂದು ಮಧ್ಯಾಹ್ನ ಚಿತ್ರಾ ಬುತ್ತಿ ತೆರೆಯಲೇ ಇಲ್ಲ. "ರಾಫಿ, ಅಮ್ಮ ಮೊನ್ನೆ ತೋಟದ ಮೆಟ್ಟಿಲಲ್ಲಿ..." ಎಂದು ನಿಲ್ಲಿಸಿ, "ನಾಳೆಯಿಂದ ನಾನು ಕ್ಲಾಸಿಗೆ..." ಅಂದಳು.

ನಾನು ಬಾಯಿ ಹಾಕಿದೆ. "ಬೇಗ ಬರ್ತೀಯಾ? ನಾನೂ ಬರ್ತೇನೆ ಮಾರಾಯ್ತಿ! ಮೊದಲನೇ ಬಸ್ಸಿಗೆ! ಇಬ್ಬರೂ ಸೇರಿ ಓದುವ!"

ಅವಳು ನನ್ನನ್ನೇ ನೋಡಿದಳು. ನಿಧಾನದ ಹುಡುಗಿ ನಿಧಾನವಾಗಿಯೇ ಎದ್ದು ನಿಂತಳು.

"ಅಮ್ಮ ಬಿದ್ದು ಕಾಲು ಮುರಿದಿದೆ. ನಾಳೆಯಿಂದ ನಾನು ಬರುದಿಲ್ಲ. ಅದನ್ನು ಹೇಳ್ಳಿಕ್ಕೆ ಬಂದದ್ದು. ಜುಲೈಯಿಂದ ನನ್ನ ಒಂದಾದರೂ ಮಾತು ಕೊನೆವರೆಗೆ ಕೇಳಿದ್ದೀಯಾ ನೀನು? ಅರ್ಧದಲ್ಲೇ ಕಸಿದುಕೊಂಡು ನಿನಗೆ ಬೇಕಾದ ಹಾಗೆ ಮುಗಿಸ್ತೀಯಲ್ಲ... ನಾನೆಂತ ನಿನ್ನ ನಾಟಕದವಳಾ?"

ಚೀಲ ಹೆಗಲಿಗೇರಿಸಿ ಹೋದಳು. ನಾನೂ ಬುತ್ತಿ ತೆರೆಯದೆ ಚೀಲಕ್ಕೆ ಹಾಕಿದೆ.

5-12-1999, ಭಾನುವಾರ

ಮುಂಡಾಜೆಗೆ ಹೋಗಿ ಬಂದೆ! ಎಲ್ಲವನ್ನೂ ಬರೆಯುತ್ತೇನೆ, ಒಂದನ್ನೂ ಬಿಡುವುದಿಲ್ಲ.

ಉಪವಾಸ ಶುರುವಾಗುವ ಮೊದಲೇ ಹೋಗಿ ಬಾ ಎಂದು ಕಳಿಸಿದ್ದು ಉಮ್ಮ. ಡಬ್ಬಿ ತುಂಬ ಕೋಳಿ ಸಾರು, ಇನ್ನೊಂದರಲ್ಲಿ ಒಣ ರೊಟ್ಟಿ. "ಜಗಳ ಆಡಿದವರ ಮನೆಗೆ ಬರಿಗೈಯಲ್ಲಿ ಹೋಗಬಾರದು." ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಚಾರ್ಮಾಡಿ ಬಸ್ಸಿನಲ್ಲಿ ನಿಂತುಕೊಂಡು, ಸಾರು ಚೆಲ್ಲದ ಹಾಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು... ದಾರಿಯುದ್ದಕ್ಕೂ ಕ್ಷಮೆಯ ಡಯಲಾಗ್ ಕಟ್ಟಿದೆ. ನಾಲ್ಕು ನಮೂನೆ. ಒಂದರಲ್ಲಿ ಮೊಣಕಾಲೂರುವುದೂ ಇತ್ತು.

ಬಾಗಿಲು ತೆರೆದವಳೇ ಚಿತ್ರಾ. ನಾಲ್ಕೂ ಮರೆತುಹೋಯಿತು. "ಸಾರು ತಂದಿದ್ದೇನೆ" ಅಂದೆ. ಅವಳು ನಕ್ಕಳು. ಮುಗಿಯಿತು.

ಅವಳ ಅಮ್ಮ ಪದ್ಮಾಕ್ಷಿಯಮ್ಮ ಜಗಲಿಯ ಮಂಚದಲ್ಲಿ ಪ್ಲಾಸ್ಟರ್ ಕಾಲು ಚಾಚಿ ಕೂತಿದ್ದರು. ಮನೆಗೆಲಸ, ದನ, ಬೆಳಗ್ಗೆ ರಬ್ಬರ್ ಹಾಲು ತೆಗೆಯುವುದು — ಎಲ್ಲ ಚಿತ್ರಾಳದ್ದೇ. ಅದರ ನಡುವೆ ಓದು. ಊಟ ಆದ ಮೇಲೆ ಅವಳೇ ಹೇಳಿದಳು — "ಪ್ರಶ್ನೆ ಕೇಳ್ತೇನೆ, ಉತ್ತರ ಹೇಳು. ನನಗೂ ಓದಿದ ಹಾಗೆ ಆಗ್ತದೆ."

ಪುಸ್ತಕ ಬಿಡಿಸಿ ಅವಳದ್ದೇ ವೇಗದಲ್ಲಿ — "ಆಲ್ ದ ಫಾಲೋಯಿಂಗ್ ಆರ್ ಹಾರ್ಮೋನ್ಸ್... ಇನ್ಸುಲಿನ್, ಥೈರಾಕ್ಸಿನ್..."

"ಇನ್ಸುಲಿನ್!" ನಾನು ಅಬ್ಬರಿಸಿದೆ. ಹಟ್ಟಿಯಲ್ಲಿ ದನ ಎದ್ದು ನಿಂತಿತು.

"...ಪೆಪ್ಸಿನ್, ಅಡ್ರಿನಲಿನ್... ಎಕ್ಸೆಪ್ಟ್. ಹಾರ್ಮೋನ್ ಅಲ್ಲದ್ದು ಯಾವುದು ಅಂತ ಕೇಳಿದ್ದು."

"ಓ. ಪೆಪ್ಸಿನ್. ಅದು ಗೊತ್ತುಂಟಲ್ಲ!"

ಇನ್ನೊಂದು. "ಮಧ್ಯ ಕಿವಿಯಲ್ಲಿ..."

"ಸ್ಟೇಪಿಸ್!"

"...ಇಲ್ಲದಿರುವುದು ಯಾವುದು."

ಕಿವಿ! ನನ್ನ ಬಾಪನ ಕಿವಿ! ಅದರಲ್ಲೇ ತಪ್ಪಿದೆ. ಮತ್ತೆ ಹತ್ತು ಪ್ರಶ್ನೆ. ನೇರ ಪ್ರಶ್ನೆ ಒಂದೂ ತಪ್ಪಲಿಲ್ಲ. ಕೊನೆಯಲ್ಲಿ ಮಗ್ಗುಲು ಬದಲಿಸುವ ಪ್ರಶ್ನೆ ಒಂದೂ ಸರಿಯಾಗಲಿಲ್ಲ. ಪದ್ಮಾಕ್ಷಿಯಮ್ಮ ಪ್ಲಾಸ್ಟರ್ ಕಾಲು ಹಿಡಿದುಕೊಂಡು ನಕ್ಕರು. "ನಗಿಸಬೇಡ ಮಗಾ, ನೋವಾಗ್ತದೆ. ನೀನು ಬಾಯಿ ಮುಚ್ಚಿ ಒಂದು ಸಲ ಪೂರಾ ಕೇಳು ನೋಡುವ."

ಬಾಯಿಗೆ ಸೆರಗು ಒತ್ತಿ ಕೇಳಿದೆ. ಎಲ್ಲ ಸರಿ!

ಆಗ ನನ್ನ ತಲೆಯೊಳಗೆ ಜತ್ತಪ್ಪಣ್ಣ ಗುಡುಗಿದರು — ಎದುರಿನವನ ಮಾತು ಮುಗಿಯುವುದರೊಳಗೆ... ಅಯ್ಯೋ! ನಾನು ಪರೀಕ್ಷೆಯನ್ನು ಓದುತ್ತಿರಲಿಲ್ಲ. ಅದಕ್ಕೆ ಎದುರು ಪಾತ್ರ ಮಾಡುತ್ತಿದ್ದೆ. ಮೂರು ಪದ ಸಿಕ್ಕಿದ ಕೂಡಲೇ ನನ್ನ ಡಯಲಾಗ್. ಗ್ಯಾಪ್ ಬೀಳಬಾರದಲ್ಲ! ಕಣ್ಣು ಕೊನೆಯ ಪದದವರೆಗೆ ಹೋದರೂ ಅಷ್ಟರಲ್ಲಿ ಕೈ ಉತ್ತರದ ಗುಂಡಿಯನ್ನು ಕಪ್ಪು ಮಾಡಿ ಆಗಿರುತ್ತದೆ. ಇನ್ನಷ್ಟು ಓದಿದಷ್ಟೂ ಇನ್ನಷ್ಟು ಬೇಗ ಹಾರುತ್ತಿದ್ದೆ.

"ನೋಡು, ನೀನು ದಡ್ಡಿ ಅಲ್ಲ. ಬರೇ ಅವಸರ..." ಚಿತ್ರಾ ನಿಲ್ಲಿಸಿದಳು.

ನಾನು ಕಾದೆ. ತುಟಿ ಕಚ್ಚಿ ಕಾದೆ.

"...ದವಳು" ಎಂದು ಮುಗಿಸಿ, ಕೆನ್ನೆ ಗಿಂಡಿದಳು.

ಚಿತ್ರಾ, ಸುಧಾಕರ ಸರ್ ಕಂಡುಹಿಡಿಯಲಾರದ ರೋಗವನ್ನು ನೀನು ಕೋಪದಲ್ಲಿ ಕಂಡುಹಿಡಿದೆ. ಇನ್ನು ಪ್ರತಿ ವಾರದ ಟೆಸ್ಟ್ ಪೇಪರು ನಿನಗೆ ತಲುಪಿಸುವುದು ನನ್ನ ಕೆಲಸ. ಬೆಳ್ತಂಗಡಿ ಬಸ್ಸಿನ ಡ್ರೈವರ್ ಒಪ್ಪಿದ್ದಾನೆ. ಅಲ್ಲಿಂದ ಚಾರ್ಮಾಡಿ ಬಸ್ಸಿಗೆ ದಾಟಿಸುತ್ತಾನಂತೆ.

3-1-2000

ರೋಗ ಗೊತ್ತಾಯಿತು. ವಾಸಿಯಾಗುವುದಿಲ್ಲ!

ಬೆರಳಿಟ್ಟು ಓದಿದೆ. ಬೆರಳೂ ಹಾರುತ್ತದೆ. 'ನಾಟ್', 'ಎಕ್ಸೆಪ್ಟ್' ಪದಗಳಿಗೆ ಸುತ್ತು ಹಾಕಿದೆ. ಸುತ್ತು ಹಾಕುವ ಮೊದಲೇ ಉತ್ತರ ಗುರುತಿಸಿ ಆಗಿರುತ್ತದೆ. ಹನ್ನೆರಡು ವರ್ಷ ರಂಗದ ಮೇಲೂ ಹಿಂದೆಯೂ ಬೆಳೆದ ಅಭ್ಯಾಸ. ಮನಸ್ಸಿಗೆ ಹೇಳಿದರೆ ಕೇಳುತ್ತದೆ, ಕೈ ಕೇಳಬೇಕಲ್ಲ. ಮಾರ್ಕು ಎರಡು ಏರಿತು, ಮತ್ತೆ ಇಳಿಯಿತು.

ಸಂಜೆ ಇಫ್ತಾರಿಗೆ ಕೂತಾಗ ಬಾಪ ನನ್ನ ಮುಖ ನೋಡಿದರು. ತಮ್ಮ ಪಾಲಿನ ಖರ್ಜೂರವನ್ನೂ ನನ್ನ ತಟ್ಟೆಗೆ ಹಾಕಿದರು.

23-1-2000, ಭಾನುವಾರ

ವಾಮದಪದವಿನ ಶಾಲೆಯಲ್ಲಿ ಜತ್ತಪ್ಪಣ್ಣನ ಹೊಸ ನಾಟಕದ ರಿಹರ್ಸಲ್. ಬಾಪನ ಮೈಕ್ ಪರೀಕ್ಷೆಗೆ ನಾನೂ ಹೋದೆ. ತಲೆ ಹಗುರಾಗಲಿ ಅಂತ.

ಅಲ್ಲಿ ಚಿನ್ನಯ್ಯಣ್ಣ. ಹೊಟ್ಟೆಪಾಡಿಗೆ ಜಂಕ್ಷನ್ನಿನಲ್ಲಿ ಟೈಲರ್. ರಂಗದಲ್ಲಿ ಹಾಸ್ಯದ ಚಕ್ರವರ್ತಿ. ಅವರ ಕ್ರಮವೇ ಬೇರೆ: ಮಾತನ್ನು ಎಳೆದು ಎಳೆದು ತಂದು, ಕೊನೆಯ ಪದದ ಮೊದಲು ನಿಲ್ಲಿಸುತ್ತಾರೆ. ಬೆವರೊರೆಸುವ ಹೆಗಲಿನ ಬೈರಾಸು ತೆಗೆಯುತ್ತಾರೆ, ಕೊಡವುತ್ತಾರೆ, ಸಭೆಯನ್ನು ನೋಡುತ್ತಾರೆ... ಆಮೇಲೆ ಆ ಪದ ಬೀಳುತ್ತದೆ. ಇಡೀ ನಗು ಆ ಪದದಲ್ಲಿ. ಗ್ಯಾಪ್ ಬಿಡಲು ಜತ್ತಪ್ಪಣ್ಣನಿಂದ ಲೈಸೆನ್ಸ್ ಪಡೆದ ಏಕೈಕ ನಟ. ನಾನು ಹೊಸದಾಗಿ ಪ್ರಾಂಪ್ಟರ್ ಆಗಿದ್ದಾಗ, ಮರೆತರೆಂದು ತಿಳಿದು ಪರದೆಯ ಹಿಂದಿನಿಂದ ಆ ಪದವನ್ನು ಹೇಳಿಬಿಟ್ಟಿದ್ದೆ. ಅದೂ ನನ್ನ ಸ್ವರದಲ್ಲಿ. ಸಭೆ ನಕ್ಕದ್ದು ನನಗೆ. ಅವರು ಒಂದು ವಾರ ಮಾತಾಡಿರಲಿಲ್ಲ. ಆಮೇಲೆ ಅವರ ಸೀನ್ ಬಂದರೆ ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದೆ.

ಇಂದು ಅವರನ್ನು ನೋಡುತ್ತಾ ನಿಂತವಳಿಗೆ ಒಮ್ಮೆಲೇ ಹೊಳೆಯಿತು. ಲೋಕದಲ್ಲಿ ನಾನು ಬಾಯಿ ಹಾಕದೆ ಕೊನೆಯವರೆಗೂ ಕೇಳುವ ಮನುಷ್ಯ ಒಬ್ಬನೇ ಒಬ್ಬ. ಇವರು! ಚೀಲದಿಂದ ಟೆಸ್ಟ್ ಪೇಪರು ತೆಗೆದೆ.

"ಚಿನ್ನಯ್ಯಣ್ಣ, ಇದೊಂದು ಓದಿ. ನಿಮ್ಮ ಸ್ಟೈಲಿನಲ್ಲಿ."

"ಇಂಗ್ಲಿಷಾ? ನನಗೆ ಅರ್ಥ ಆಗುವುದಿಲ್ಲ ಮಾರಾಯ್ತಿ."

"ಅರ್ಥ ನನಗೆ ಇರಲಿ. ಓದುವುದು ನೀವು."

ಮೈಕಿನ ಮುಂದೆ ಬಂದರು. ಕಾಗದವನ್ನು ದೂರ ಹಿಡಿದರು. "ವಿಚ್... ಆಫ್ ದ... ಫಾಲೋಯಿಂಗ್... ಈಸ್..." ನಿಲ್ಲಿಸಿದರು. ಬೈರಾಸು ತೆಗೆದರು. ಕೊಡವಿದರು. ಖಾಲಿ ಬೆಂಚುಗಳನ್ನು ಒಮ್ಮೆ ನೋಡಿದರು. "...ನಾಟ್!"

ಇಡೀ ತಂಡ ಬಿದ್ದು ನಕ್ಕಿತು. ಏನೆಂದು ಒಬ್ಬರಿಗೂ ಗೊತ್ತಿಲ್ಲ, ಆದರೂ ನಕ್ಕರು. ಜತ್ತಪ್ಪಣ್ಣ ಕಣ್ಣೊರೆಸಿಕೊಂಡು — "ಇದನ್ನು ನಾಟಕಕ್ಕೆ ಹಾಕುವ! ಬ್ಯಾರಿ, ಇನ್ನು ನಿಮ್ಮ ಮಗಳೇ ನಮಗೆ ಸಾಹಿತಿ!" ಬಾಪನಿಗೆ ಕೇಳಿಸಿತೋ ಇಲ್ಲವೋ, ಎಲ್ಲರೂ ನಗುವುದು ಕಂಡು ಅವರೂ ನಕ್ಕರು.

ಚಿನ್ನಯ್ಯಣ್ಣ ಮಾತ್ರ ನಗಲಿಲ್ಲ. ಪೇಪರಿನ ಉಳಿದ ಪ್ರಶ್ನೆಗಳನ್ನೂ ಓದಿದರು. ಬಾಯಾರಿದಾಗ ನೀರು ಕುಡಿದು ಮತ್ತೆ ಓದಿದರು. ನಾನು ಒಂದಕ್ಕೂ ಬಾಯಿ ಹಾಕಲಿಲ್ಲ. ಒಂದೂ ತಪ್ಪಲಿಲ್ಲ.

ಕೊನೆಗೆ ಪೇಪರು ಮಡಚಿ ಕೊಡುತ್ತಾ, "ಪಾಸಾಗುವೆಯಾ ಮಗಾ?" ಅಂದರು.

ಅವರ ಕಾಲು ಮುಟ್ಟಲು ಬಗ್ಗಿದೆ. ಎರಡು ಹೆಜ್ಜೆ ಹಿಂದೆ ಸರಿದರು. "ಛೆ, ಬ್ಯಾರಿ ನೋಡ್ತಾರೆ!"

11-2-2000

ಮನಸ್ಸಿನೊಳಗೆ ಚಿನ್ನಯ್ಯಣ್ಣ ಓದುತ್ತಾರೆ. ನಾನು ಕೇಳುತ್ತೇನೆ. ಬಯಾಲಜಿ ಟೆಸ್ಟ್ — ಒಂದೇ ತಪ್ಪು! ಅದೂ ನಿಜವಾಗಿ ಗೊತ್ತಿಲ್ಲದ್ದು. ಗೊತ್ತಿಲ್ಲದೆ ತಪ್ಪುವುದರಲ್ಲಿ ಎಂಥಾ ಸುಖ!

ಸುಧಾಕರ ಸರ್ ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಂತ ಮಾಡಿದೆ?" ಹೇಳಿದೆ. ನಂಬಲಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಯಾರಿಗೋ ಬೈರಾಸು ಕೊಡವುವ ಅಭಿನಯ ಮಾಡಿ ತೋರಿಸುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ.

4-3-2000

ಚಿತ್ರಾ ವಾಪಸ್! ಪದ್ಮಾಕ್ಷಿಯಮ್ಮ ಕೋಲು ಹಿಡಿದು ನಡೆಯುತ್ತಾರಂತೆ. ದನದ ಹಟ್ಟಿಯಲ್ಲಿ ಓದಿದವಳು ಬಂದ ಮೊದಲ ಟೆಸ್ಟಿನಲ್ಲೇ ನನ್ನನ್ನು ದಾಟಿದಳು. ಒಂದು ಗಳಿಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.

19-4-2000

ಹೊಸ ತೊಂದರೆ. ಚಿನ್ನಯ್ಯಣ್ಣ ನಿಧಾನ. ಬಯಾಲಜಿಯಲ್ಲಿ ಪರವಾಗಿಲ್ಲ. ಫಿಸಿಕ್ಸಿನಲ್ಲಿ ಅವರು ಬೈರಾಸು ಕೊಡವುವಷ್ಟರಲ್ಲಿ ಬೆಲ್ಲು ಹೊಡೆಯುತ್ತದೆ. "ಸ್ವಲ್ಪ ಬೇಗ ಚಿನ್ನಯ್ಯಣ್ಣ!" ಎಂದರೆ, ಹಾಸ್ಯ ಕೆಡುತ್ತದೆ ಎಂದು ನನ್ನ ತಲೆಯೊಳಗೇ ಮುನಿಸಿಕೊಳ್ಳುತ್ತಾರೆ.

11-5-2000. ಮಧ್ಯಾಹ್ನ, ಎರಡು ಪೇಪರುಗಳ ನಡುವೆ

ಬಯಾಲಜಿ ಮುಗಿಯಿತು. ಹಾಲ್ ಸ್ಮಶಾನ ಮೌನ. ಮೊದಲ ಪ್ರಶ್ನೆಗೇ ಕೈ ಹಾರಿತು. ಪೆನ್ಸಿಲ್ ಕೆಳಗಿಟ್ಟೆ. ಕಣ್ಣು ಮುಚ್ಚಿದೆ. ಬನ್ನಿ ಚಿನ್ನಯ್ಯಣ್ಣ, ನಿಮ್ಮ ಪ್ರವೇಶ... ಬಂದರು!

ನಡುವೆ ಎಲ್ಲೋ 'ಎಕ್ಸೆಪ್ಟ್' ಎಂದು ಎಷ್ಟು ಚೆನ್ನಾಗಿ ಬೀಳಿಸಿದರೆಂದರೆ ನನಗೆ ನಗು ತಡೆಯಲಾಗಲಿಲ್ಲ. ಸೂಪರ್‌ವೈಸರ್ ಮೇಡಂ ಬಂದು ನಿಂತರು.

"ಎಂತ ನಗು? ಯಾರ ಪೇಪರ್ ನೋಡ್ತಾ ಇದ್ದೀ?"

"ಯಾರದ್ದೂ ನೋಡ್ಲಿಲ್ಲ ಮೇಡಂ. ಪ್ರಶ್ನೆ ಚೆನ್ನಾಗಿತ್ತು."

ಅವರು ಪ್ರಶ್ನೆ ಓದಿದರು. ಕಪ್ಪೆಯ ಹೃದಯದ ಕುರಿತಾದದ್ದು. ನನ್ನನ್ನು ಮತ್ತೊಮ್ಮೆ ನೋಡಿ, ನಾನು ತೀರಾ ಓದಿ ಓದಿ ಹೀಗಾದವಳೆಂದು ತೀರ್ಮಾನಿಸಿ ಮುಂದೆ ಹೋದರು. ಆ ಕರುಣೆಗೂ ವಂದನೆ.

12-5-2000. ಸಂಜೆ

ಕೆಮಿಸ್ಟ್ರಿ ಒಳ್ಳೆಯದಾಯಿತು. ಫಿಸಿಕ್ಸಿನಲ್ಲಿ ಹೊತ್ತು ಸಾಲಲಿಲ್ಲ. ಕೊನೆಯ ಐದಾರನ್ನು ಓದದೆಯೇ ಗುಂಡಿ ತುಂಬಿಸಿದೆ. ಒಂದು ರೋಗಕ್ಕೆ ಮದ್ದು ಮಾಡಿದರೆ ಇನ್ನೊಂದು ಬರುತ್ತದಲ್ಲ.

ಚಿತ್ರಾಳ ಹತ್ತಿರ ಹೇಳಿದೆ. ಅವಳು ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದು ಬಂದಳು. ಆಮೇಲೆ — "ಓದಿದ್ದು ಓದಿದ್ದೇ. ಓದದ್ದು..." ಕಾದೆ. "...ದೇವರಿಗೆ ಬಿಡುವ."

ಬಿಟ್ಟೆ.

9-6-2000

ಸುಧಾಕರ ಸರ್ ಅಂಗಡಿಗೆ ಫೋನ್ ಮಾಡಿದರು. ರ‍್ಯಾಂಕ್ ಕಳೆದ ವರ್ಷದ ಅರ್ಧಕ್ಕಿಂತ ಕೆಳಗೆ ಇಳಿದಿದೆ! ನಾಟಕದಲ್ಲಾದರೆ ಏರಬೇಕು, ಇಲ್ಲಿ ಇಳಿಯಬೇಕು, ಇಳಿಯಿತು! ಬಾಪನ ಬಲಕಿವಿಗೆ ಬಾಯಿಟ್ಟು ಕೂಗಿದೆ. ಅವರು ಮೈಕ್ ಆನ್ ಮಾಡಿ, ಏನು ಹೇಳಬೇಕೆಂದು ತೋಚದೆ, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂದರು. ಪೇಟೆಯೆಲ್ಲ ಬಂತು.

ಆದರೆ ಸರ್ ಇನ್ನೊಂದು ಮಾತನ್ನೂ ಹೇಳಿದರು. ಪೂರ್ತಿ ಕೇಳಿಸಿಕೊಂಡೆ. "ಹೋದ ವರ್ಷದ ಲೆಕ್ಕದಲ್ಲಿ ನಿನಗೆ ಸೀಟು ಗ್ಯಾರಂಟಿ. ಈ ವರ್ಷ ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ನಿನ್ನ ಕೆಟಗರಿಯಲ್ಲಿ ನೀನು ಸರಿಯಾಗಿ ಗಡಿಯಲ್ಲಿದ್ದೀ. ಕೌನ್ಸೆಲಿಂಗ್ ದಿನವೇ ಗೊತ್ತಾಗಬೇಕಷ್ಟೆ."

ಓದದೆ ಗುಂಡಿ ತುಂಬಿಸಿದ ಆ ಐದಾರು... ಬೇಡ. ಯೋಚಿಸುವುದಿಲ್ಲ.

ಚಿತ್ರಾಳಿಗೆ ಭರ್ಜರಿ ರ‍್ಯಾಂಕ್. ಅವಳಿಗೆ ಚಿಂತೆಯಿಲ್ಲ. ಈ ಸಲ ಹೊಟ್ಟೆ ಉರಿಯಲಿಲ್ಲ. ಅಥವಾ ಸ್ವಲ್ಪವೇ.

10-7-2000

ಚಿತ್ರಾಳಿಗೆ ಮೈಸೂರು ಮೆಡಿಕಲ್. ಬೆಂಗಳೂರಿನಿಂದ ಬಂದವಳು ಊರಿಗೂ ಹೋಗದೆ ನೇರ ಇಲ್ಲಿಗೆ ಬಂದಳು. ಉಮ್ಮ ಅವಳಿಗೆ ಊಟ ಬಡಿಸಿದ್ದೇ ಬಡಿಸಿದ್ದು. ಹೊರಡುವಾಗ ಉಮ್ಮನ ಕೈ ಹಿಡಿದು — "ಇವಳು ಪೇಪರು ಕಳಿಸದಿದ್ದರೆ ನಾನು ಹಟ್ಟಿಯಲ್ಲೇ ಬಾಕಿ ಆಗ್ತಿದ್ದೆ ಜೈನಬಮ್ಮ."

ನಾನು ಹೇಳಬೇಕಾದ ಮಾತನ್ನು ಅವಳು ಮೊದಲೇ ಹೇಳಿಬಿಟ್ಟಳು. ಜೀವನದಲ್ಲಿ ಮೊದಲ ಸಲ ನನ್ನ ಡಯಲಾಗ್ ಬೇರೆಯವರು ಕಸಿದದ್ದು.

13-7-2000. ಬೆಂಗಳೂರು, ಕೌನ್ಸೆಲಿಂಗ್ ಹಾಲ್. ಬೆಳಗ್ಗೆ

ದೊಡ್ಡ ಹಾಲ್. ಟಿ.ವಿ. ಪರದೆಯ ಮೇಲೆ ಉಳಿದ ಸೀಟುಗಳು. ಒಬ್ಬೊಬ್ಬರು ಒಳಗೆ ಹೋದ ಹಾಗೆ ಒಂದೊಂದು ಅಂಕಿ ಇಳಿಯುತ್ತದೆ. ಅನೌನ್ಸ್‌ಮೆಂಟ್ ಬಾಪನಿಗೆ ಕೇಳುವುದಿಲ್ಲ. ಅದಕ್ಕೆ ಈ ಡೈರಿಯಲ್ಲೇ ಬರೆದು ಬರೆದು ತೋರಿಸುತ್ತಿದ್ದೇನೆ. ಮೇಲಿನ ಸಾಲು ನೋಡಿ, "ಡಾಕ್ಟರ ಕೈಬರಹ ಈಗಲೇ ಬಂದಿದೆ" ಅಂದರು. ಇಷ್ಟು ಜನರ ನಡುವೆ, ಆ ಸ್ವರದಲ್ಲಿ! ನಾಲ್ಕು ಸಾಲು ತಿರುಗಿ ನೋಡಿತು.

ಟು-ಬಿ, ಸರಕಾರಿ ಮೆಡಿಕಲ್: ಬಳ್ಳಾರಿ 1, ಹುಬ್ಬಳ್ಳಿ 1. ಅಷ್ಟೇ.

ನನ್ನ ಮುಂದೆ ನಮ್ಮ ಕೆಟಗರಿಯವರು ಇಬ್ಬರು.

11.20

ಒಬ್ಬಳು ಹೋದಳು. ಬುರ್ಖಾದ ಹುಡುಗಿ, ಗುಲ್ಬರ್ಗದ ಕಡೆಯ ಮಾತು. ಬಳ್ಳಾರಿ ಸೊನ್ನೆ ಆಯಿತು. ಹೊರಗೆ ಬಂದು ತಾಯಿಯ ಭುಜಕ್ಕೆ ಮುಖ ಒತ್ತಿ ಅಳುತ್ತಿದ್ದಾಳೆ. ಅವಳಿಗೆ ಒಳ್ಳೆಯದಾಗಲಿ. ನಿಜವಾಗಿ ಬರೆಯುತ್ತಿದ್ದೇನೆ — ಒಳ್ಳೆಯದಾಗಲಿ.

ಉಳಿದದ್ದು ಹುಬ್ಬಳ್ಳಿ. ನನ್ನ ಮುಂದೆ ಇನ್ನೊಬ್ಬ. ಅವನು ತೆಗೆದುಕೊಂಡರೆ ಒಂದು ವರ್ಷ ಸುತ್ತಿ ನಾನು ಮತ್ತೆ ಹಲ್ಲಿನ ಕುರ್ಚಿಗೆ.

ಏನೇ ಆಗಲಿ, ಈಗಲೇ ಬರೆದಿಡುತ್ತೇನೆ. ಈ ವರ್ಷ ವ್ಯರ್ಥವಾಗಲಿಲ್ಲ. ಚಿತ್ರಾ ಸಿಕ್ಕಿದಳು. ಜನರ ಮಾತು ಕೊನೆಯವರೆಗೆ ಹೇಗಿರುತ್ತದೆಂದು ಗೊತ್ತಾಯಿತು. ಹೆಚ್ಚಿನವರು ಕೊನೆಯಲ್ಲೇ ಒಳ್ಳೆಯದನ್ನು ಇಟ್ಟಿರುತ್ತಾರೆ. ಇಷ್ಟೆಲ್ಲ ದಿನ ನಾನು ಅದನ್ನೇ ಕತ್ತರಿಸಿ ಬಿಸಾಡುತ್ತಿದ್ದೆ.

11.35

ಅವನ ಹೆಸರು ಕರೆದರು. ಅನ್ಸಾಫ್ ಅಂತೆ, ಊರು ಕೇಳಿಸಲಿಲ್ಲ. ಯಾರೂ ಏಳಲಿಲ್ಲ.

ಎರಡನೇ ಸಲ ಕರೆದರು. ಹಿಂದಿನ ಸಾಲಿನವರು ತಮ್ಮತಮ್ಮೊಳಗೆ — ಬೇರೆ ರಾಜ್ಯದಲ್ಲಿ ಸೀಟು ಸಿಕ್ಕಿತಂತೆ, ಅಲ್ಲ ಟ್ರೈನ್ ಲೇಟಂತೆ. ಯಾರಿಗೂ ಗೊತ್ತಿಲ್ಲ. ಬಾಗಿಲಲ್ಲಿ ಒಬ್ಬ ಹುಡುಗ ಓಡಿಬಂದ... ಇವನಾ? ಅಲ್ಲ. ನೀರು ಕುಡಿಯಲು ಹೋದವನು.

ನಾಟಕದಲ್ಲಿ ಹೆಸರು ಕೂಗಿದ ಮೇಲೂ ಪಾತ್ರಧಾರಿ ಬರದಿದ್ದರೆ ನಮ್ಮೆಲ್ಲರ ಎದೆ ಒಡೆಯುತ್ತಿತ್ತು. ಇಂದು ಬರಬೇಡ ಎಂದು ಬೇಡಲೂ ಮನಸ್ಸಿಲ್ಲ, ಬಾ ಎನ್ನಲೂ ನಾಲಿಗೆಯಿಲ್ಲ. ಎಲ್ಲಿದ್ದೀಯೋ ಮಾರಾಯಾ. ಎಲ್ಲಿದ್ದರೂ ಇದಕ್ಕಿಂತ ಒಳ್ಳೆಯ ಸೀಟಿನಲ್ಲಿ ಕೂತಿರು. ಬೇರೆ ಯಾವುದನ್ನೂ ನಾನು

ಮೂರನೇ ಸಲ. ಇಲ್ಲ.

'ಗೈರು' ಅಂದರು. ಬಾಪ ಪರದೆಯನ್ನೇ ನೋಡುತ್ತಿದ್ದಾರೆ. ಹುಬ್ಬಳ್ಳಿಯ ಒಂದು ಹಾಗೆಯೇ ಇದೆ. ಎಂತಾಯಿತು ಎಂದು ಕೈಸನ್ನೆ ಮಾಡುತ್ತಿದ್ದಾರೆ. ಬರೆದು ತೋರಿಸಬೇಕು... ಬಾಪ, ಮುಂದಿನ ಹೆಸರು ಕರೆದರು, ಅದು ನನ್ನ